ನೀರಿನ ಹದ



ಹಿತ್ತಲಿನ ನಾಲ್ಕು ಬದನೆ ಗಿಡಗಳಿಗೆ ನೀರು ಹಾಕುವುದೂ ಒಂದು ಭಾಷಣದ ವಿಷಯವೇ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಬೀಜ ಬಿತ್ತುವುದಕ್ಕೆ ತಿಳಿವಳಿಕೆ ಬೇಕು, ಗೊಬ್ಬರ ಹಾಕುವುದಕ್ಕೆ ಅನುಭವ ಬೇಕು, ಹುಳು ಬಿದ್ದರೆ ಬಲ್ಲವರನ್ನು ಕೇಳಬೇಕು. ನೀರು ಹಾಕುವುದಕ್ಕೆ ಏನು ಬೇಕು? ಕೈಯಲ್ಲೊಂದು ಚೊಂಬೋ ಕೊಳವೆಯೋ ಇದ್ದರೆ ಸಾಕಲ್ಲವೇ? ಬೇರೆ ಯಾವ ಕೆಲಸಕ್ಕೂ ಒದಗದ ಚಿಕ್ಕ ಮಕ್ಕಳಿಗೂ ನಿವೃತ್ತರಾದ ಹಿರಿಯರಿಗೂ ಮನೆಯವರು ಒಪ್ಪಿಸುವ ಕೆಲಸವಲ್ಲವೇ ಅದು?

ನಾನೂ ಆ ಎರಡನೆಯ ವರ್ಗಕ್ಕೆ ಸೇರಿದವನು. ತುಮಕೂರಿನ ಒಂದು ಬಡಾವಣೆಯಲ್ಲಿ, ನಮ್ಮ ಮನೆಯ ಹಿಂದೆ, ನಾಲ್ಕು ಮೀಟರು ಉದ್ದ ಮೂರು ಮೀಟರು ಅಗಲದ ತುಂಡು ನೆಲದಲ್ಲಿ ಕೆಲವು ವರ್ಷಗಳಿಂದ ತರಕಾರಿ ಬೆಳೆಯುತ್ತಿದ್ದೇನೆ. ಕೈತೋಟದ ಕೆಲಸಗಳಲ್ಲೆಲ್ಲ ಅತ್ಯಂತ ಸುಲಭವೆಂದು ತೋರುವ ಈ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಗಮನವನ್ನು ಕೇಳುತ್ತದೆಂಬುದು ಈ ಅವಧಿಯಲ್ಲಿ ನನಗೆ ಮನದಟ್ಟಾಗಿರುವ ಸಂಗತಿ. ಪೇಟೆಯ ಹಿತ್ತಲುಗಳಲ್ಲಿ ನೀರಿಲ್ಲದೆ ಸಾಯುವ ಗಿಡಗಳಿಗೇನೂ ಕೊರತೆಯಿಲ್ಲ. ಆದರೆ ನೀರು ಹೆಚ್ಚಾಗಿ ಸಾಯುವ ಗಿಡಗಳು ಅವಕ್ಕಿಂತ ಕಡಿಮೆಯೇನಲ್ಲ. ಅವುಗಳ ಸಾವಿಗೆ ಕಾರಣವೇನೆಂದು ಸಾಕಿದವರಿಗೆ ಎಷ್ಟೋ ವೇಳೆ ತಿಳಿಯುವುದೇ ಇಲ್ಲ.

ನಮ್ಮ ಭಾಷೆಯಲ್ಲಿ ‘ಹದ’ ಎಂಬ ಒಂದು ಪದವಿದೆ. ಬೆಲ್ಲದ ಪಾಕಕ್ಕೆ ಹದವುಂಟು. ಕುಂಬಾರನ ಮಣ್ಣಿಗೆ ಹದವುಂಟು. ಚರ್ಮಕ್ಕೆ, ಕುಡುಗೋಲಿನ ಬಾಯಿಗೆ, ಅನ್ನಕ್ಕೆ, ಮಾತಿಗೆ ಹದವುಂಟು. ಬಿತ್ತನೆಗೆ ತಕ್ಕ ತೇವ ನೆಲದಲ್ಲಿದ್ದರೆ ರೈತನು ‘ಭೂಮಿ ಹದವಾಗಿದೆ’ ಎನ್ನುತ್ತಾನೆ. ಇಷ್ಟೊಂದು ಕಸುಬುಗಳು ಒಂದೇ ಪದವನ್ನು ಹಂಚಿಕೊಂಡಿರುವುದು ಆಕಸ್ಮಿಕವಿರಲಾರದು. ಹದವೆಂಬುದು ಸೇರಿನಲ್ಲಿ ಅಳೆದು ಕೊಡುವಂಥದಲ್ಲ. ಎದುರಿಗಿರುವ ವಸ್ತುವನ್ನು ನೋಡಿ, ಮುಟ್ಟಿ, ಅದರ ಸ್ಥಿತಿಯನ್ನು ತಿಳಿದು ಕಂಡುಕೊಳ್ಳುವಂಥದು. ಗಿಡಕ್ಕೆ ನೀರು ಎಷ್ಟು ಬೇಕೆಂಬ ಪ್ರಶ್ನೆಗೂ ನನ್ನ ಉತ್ತರ ಈ ಪದದಲ್ಲೇ ಇದೆ.

ಮೊದಲು, ನೀರು ಹೆಚ್ಚಾದರೆ ಗಿಡ ಏಕೆ ಸಾಯಬೇಕು ಎಂಬುದನ್ನು ನೋಡೋಣ. ತೋಟದ ಒಳ್ಳೆಯ ಮಣ್ಣನ್ನು ನಾವು ಗಟ್ಟಿ ಪದಾರ್ಥವೆಂದು ತಿಳಿದಿದ್ದರೂ ಅದರ ಗಾತ್ರದಲ್ಲಿ ಗಟ್ಟಿಯಾದದ್ದು ಸುಮಾರು ಅರ್ಧ ಮಾತ್ರ. ಮಿಕ್ಕ ಅರ್ಧವೆಲ್ಲ ಕಣ್ಣಿಗೆ ಕಾಣದ ಸಂದುಗಳು. ಮಣ್ಣು ಹದವಾಗಿರುವಾಗ ಆ ಸಂದುಗಳಲ್ಲಿ ಸರಿಸುಮಾರು ಅರ್ಧದಷ್ಟು ನೀರೂ ಅರ್ಧದಷ್ಟು ಗಾಳಿಯೂ ಇರುತ್ತವೆ. ಬೇರು ನೀರನ್ನು ಕುಡಿಯುತ್ತದೆಂದು ಎಲ್ಲರೂ ಬಲ್ಲರು. ಅದು ಉಸಿರಾಡುತ್ತದೆಂಬುದನ್ನು ಮಾತ್ರ ಮರೆಯುತ್ತೇವೆ. ಸಂದುಗಳೆಲ್ಲ ನೀರಿನಿಂದ ತುಂಬಿ ಹೋದರೆ ಗಾಳಿ ಹೊರಬೀಳುತ್ತದೆ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಹರಡುವ ವೇಗ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಆದ್ದರಿಂದ ನೀರು ನಿಂತ ಮಣ್ಣಿನಲ್ಲಿ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಎಳೆಯ ಸಸಿಗಳಾದರೆ ತೇವದಲ್ಲಿ ಹಬ್ಬುವ ಶಿಲೀಂಧ್ರಗಳು ಒಂದೆರಡು ದಿನಗಳಲ್ಲೇ ಬುಡವನ್ನು ಕೊಳೆಯಿಸಿ ಮಡಿಯ ಸಾಲನ್ನೆಲ್ಲ ಮಲಗಿಸಿಬಿಡುತ್ತವೆ.

ಹಾಗಾದರೆ ಭತ್ತ ನೀರಿನಲ್ಲೇ ನಿಂತು ಬೆಳೆಯುವುದಲ್ಲ ಎಂದು ತಾವು ಕೇಳಬಹುದು. ಭತ್ತದ ಪೈರಿಗೆ ಎಲೆಯಿಂದ ಬೇರಿನವರೆಗೂ ಗಾಳಿಯನ್ನು ಇಳಿಸುವ ಕೊಳವೆಗಳಂಥ ರಚನೆ ಹುಟ್ಟಿನಿಂದಲೇ ಬಂದಿದೆ. ಬದನೆಗೂ ಮೆಣಸಿಗೂ ಹುರುಳಿಕಾಯಿಗೂ ಆ ಭಾಗ್ಯವಿಲ್ಲ.

ಇಲ್ಲಿ ಒಂದು ವಿಚಿತ್ರವುಂಟು. ನೀರಿಲ್ಲದ ಗಿಡ ಬಾಡುತ್ತದೆ. ನೀರು ಹೆಚ್ಚಾದ ಗಿಡವೂ ಬಾಡುತ್ತದೆ. ಬೇರು ಕೊಳೆತ ಮೇಲೆ ಸುತ್ತ ಎಷ್ಟು ನೀರಿದ್ದರೇನು, ಅದನ್ನು ಮೇಲಕ್ಕೆ ಸಾಗಿಸುವವರಿಲ್ಲ. ರೋಗ ಎರಡಾದರೂ ಲಕ್ಷಣ ಒಂದೇ ಆದದ್ದರಿಂದ ಕರುಣೆಯುಳ್ಳವರು ಮೋಸಹೋಗುತ್ತಾರೆ. ನಮ್ಮ ಬೀದಿಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಒಂದು ದಿನ ಬೇಲಿಯಾಚೆಯಿಂದ ನನ್ನನ್ನು ಕೂಗಿದರು.

“ಏನ್ ಸ್ವಾಮಿ, ದಿನಾ ಎರಡು ಹೊತ್ತು ನೀರು ಹಾಕ್ತೀನಿ. ಆದರೂ ಬದನೆ ಗಿಡ ಹೀಗೆ ಜೋಲುಬಿದ್ದಿದೆಯಲ್ಲ!”

“ಎರಡು ಹೊತ್ತು ಹಾಕೋದರಿಂದಲೇ ಜೋಲುಬಿದ್ದಿದೆ, ಮೇಷ್ಟ್ರೇ. ಐದು ದಿನ ಕೊಳವೆ ಮುಟ್ಟಬೇಡಿ.”

“ಐದು ದಿನವೇ? ಕಣ್ಣೆದುರಿಗೆ ಬಾಡ್ತಿರೋದನ್ನ ನೋಡ್ಕೊಂಡು ಸುಮ್ಮನಿರೋದು ಹೇಗ್ರೀ?”

ಅವರ ಆ ಕೊನೆಯ ಪ್ರಶ್ನೆ ನನಗೆ ಬಹಳ ದೊಡ್ಡದೆಂದು ತೋರಿತು. ಕೆಳಗಿನ ಎಲೆಗಳು ಹಳದಿಗೆ ತಿರುಗಿದ್ದವು. ಬುಡದ ಮಣ್ಣಿನ ಮೇಲೆ ಹಸುರು ಪಾಚಿ ಕಟ್ಟಿತ್ತು. ಬೆರಳಿನಿಂದ ಕೆದಕಿದರೆ ಹಳಸಿದ ವಾಸನೆ ಬರುತ್ತಿತ್ತು. ಇವು ಅತಿ ನೀರಿನ ಗುರುತುಗಳು. ಮೇಷ್ಟ್ರು ಮನಸ್ಸಿಲ್ಲದ ಮನಸ್ಸಿನಿಂದ ಐದು ದಿನ ಸುಮ್ಮನಿದ್ದರು. ಏಳು ಗಿಡಗಳಲ್ಲಿ ನಾಲ್ಕು ಚೇತರಿಸಿಕೊಂಡವು. ಮಿಕ್ಕ ಮೂರರ ಬೇರು ಆಗಲೇ ಕಪ್ಪಾಗಿತ್ತು.

ಬಾಡುವಿಕೆಯನ್ನು ಓದುವುದಕ್ಕೂ ಒಂದು ಹೊತ್ತುಂಟು. ಕುಂಬಳ, ಸೋರೆ, ಹೀರೆಯಂಥ ಅಗಲ ಎಲೆಯ ಬಳ್ಳಿಗಳು ಬೇಸಿಗೆಯ ನಡುಹಗಲಿನಲ್ಲಿ ಮಣ್ಣಿನಲ್ಲಿ ನೀರಿದ್ದರೂ ಎಲೆ ಇಳಿಬಿಡುತ್ತವೆ. ಬಿಸಿಲಿಗೆ ಎಲೆಯಿಂದ ಆವಿಯಾಗಿ ಹೋಗುವಷ್ಟು ವೇಗವಾಗಿ ಬೇರು ನೀರನ್ನು ಏರಿಸಲಾರದು. ಸಂಜೆ ತಂಪಾದೊಡನೆ ಅವು ತಾವೇ ತಲೆಯೆತ್ತುತ್ತವೆ. ಮಧ್ಯಾಹ್ನದ ಬಾಡನ್ನು ನಂಬಿ ನೀರು ಸುರಿಯಬಾರದು. ಬೆಳಗಿನ ಆರು ಗಂಟೆಯಲ್ಲೂ ಎಲೆ ಜೋತಿದ್ದರೆ, ಮಣ್ಣೂ ಒಣಗಿದ್ದರೆ, ಅದು ನಿಜವಾದ ಬಾಯಾರಿಕೆ.

ನೀರಿನ ಈ ಹದವನ್ನು ಕುರಿತು ನಮ್ಮ ಹಿಂದಿನವರು ಯೋಚಿಸದೆ ಇರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೆಂಬ ಒಂದು ಅಧ್ಯಾಯವಿದೆ. ನೆಟ್ಟ ಮರಗಳಿಗೆ ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ನೀರೆರೆಯಬೇಕೆಂಬುದು ಅವನ ಅಭಿಪ್ರಾಯ. ಈ ಮೂರರಲ್ಲಿ ಮೊದಲೆರಡು ಪಂಚಾಂಗದ ನಿಯಮಗಳು. ಮೂರನೆಯದು ಮಣ್ಣಿನ ನಿಯಮ. ಮಳೆಗಾಲದಲ್ಲಿ ಪಂಚಾಂಗ ಕೈಕೊಡುತ್ತದೆಂಬುದನ್ನು ಅವನು ಬಲ್ಲ. ಆದ್ದರಿಂದ ನೆಲವನ್ನೇ ನೋಡು ಎನ್ನುತ್ತಾನೆ. ಆ ಮೂರನೆಯ ನಿಯಮವನ್ನು ವರ್ಷದ ಹನ್ನೆರಡು ತಿಂಗಳಿಗೂ ವಿಸ್ತರಿಸಿದರೆ ಕೈತೋಟಕ್ಕೆ ಬೇರೆ ಶಾಸ್ತ್ರ ಬೇಕಾಗಲಾರದು. ಕನ್ನಡದಲ್ಲೂ ಚಾವುಂಡರಾಯನ ‘ಲೋಕೋಪಕಾರ’ವಿದೆ. 1025ರ ಈ ಗ್ರಂಥದಲ್ಲಿ ವೃಕ್ಷಾಯುರ್ವೇದವೂ ಅಡುಗೆಯ ಶಾಸ್ತ್ರವೂ ಅಂತರ್ಜಲವನ್ನು ಕಂಡುಹಿಡಿಯುವ ವಿದ್ಯೆಯೂ ಒಟ್ಟಿಗೆ ಬರುತ್ತವೆ. ಗಿಡ, ಒಲೆ, ನೀರು ಮೂರೂ ಗೃಹಸ್ಥನ ಅರಿವಿನ ಒಂದೇ ಕಟ್ಟಿನಲ್ಲಿದ್ದ ಕಾಲ ಅದು.

ಕಾಳಿದಾಸನ ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ಆಶ್ರಮದ ಕನ್ಯೆಯರನ್ನು ಕಾಣುವಾಗ ಅವರು ಎಳೆಯ ಗಿಡಗಳಿಗೆ ನೀರೆರೆಯಲು ಬರುತ್ತಿರುತ್ತಾರೆ. ಅವರ ಕೈಯಲ್ಲಿರುವ ಕೊಡಗಳು ಅವರವರ ಮೈಯಳತೆಗೆ ತಕ್ಕ ಕೊಡಗಳೆಂದು ಕವಿ ಹೇಳುತ್ತಾನೆ. ಸೌಂದರ್ಯಕ್ಕಾಗಿ ಬಂದ ವಿವರವಿರಬಹುದು. ನನಗೆ ಅದರಲ್ಲಿ ಬೇರೊಂದು ಅರ್ಥವೂ ಕಾಣುತ್ತದೆ. ಹೊತ್ತು ತಂದ ನೀರಿಗೆ ಹೊತ್ತವರ ತೋಳೇ ಒಂದು ಮಿತಿ. ಕೊಳಾಯಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕೊಳವೆಗೆ ಅಂಥ ಮಿತಿಯಿಲ್ಲ. ಒಂದು ಕೈಯಲ್ಲಿ ಕೊಳವೆ, ಇನ್ನೊಂದು ಕೈಯಲ್ಲಿ ದೂರವಾಣಿ ಹಿಡಿದು ಮಾತಾಡುತ್ತ ನಿಂತವರಿಗೆ ಎಷ್ಟು ನೀರು ಹರಿಯಿತೆಂಬ ಅರಿವು ಎಲ್ಲಿಂದ ಬರಬೇಕು?

ಇನ್ನು ಹದವನ್ನು ತಿಳಿಯುವ ಬಗೆ. ನಮ್ಮ ಅಜ್ಜಿ ಮಾಡುತ್ತಿದ್ದ ಪರೀಕ್ಷೆಯನ್ನೇ ನಾನೂ ಮಾಡುತ್ತೇನೆ. ಮೇಲಿನ ಒಣಮಣ್ಣನ್ನು ಸರಿಸಿ, ಒಂದು ಗೇಣಿನ ಅರ್ಧದಷ್ಟು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಬೇಕು. ಉಂಡೆ ಕಟ್ಟದೆ ಪುಡಿಪುಡಿಯಾಗಿ ಉದುರಿದರೆ ನೀರು ಬೇಕು. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ತಟ್ಟಿದರೆ ಒಡೆದರೆ ಹದವಾಗಿದೆ. ಇಂದು ನೀರು ಬೇಡ. ಉಂಡೆ ಒಡೆಯದೆ ಅಂಗೈಗೆ ಮೆತ್ತಿಕೊಂಡರೆ ನೀರು ಆಗಲೇ ಹೆಚ್ಚಾಗಿದೆ. ರವೆಉಂಡೆ ಕಟ್ಟಿ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮಣ್ಣಿನಿಂದ ಮಣ್ಣಿಗೆ ಈ ಲೆಕ್ಕ ಬದಲಾಗುತ್ತದೆಂಬುದನ್ನು ಮರೆಯಬಾರದು. ನಮ್ಮ ತುಮಕೂರು, ಕೋಲಾರದ ಕಡೆಯ ಕೆಮ್ಮಣ್ಣು ನೀರನ್ನು ಬೇಗ ಇಂಗಿಸಿಕೊಂಡು ಬೇಗ ಬಿಟ್ಟುಕೊಡುತ್ತದೆ. ಧಾರವಾಡ, ವಿಜಯಪುರ, ಕಲಬುರಗಿಗಳ ಎರೆಮಣ್ಣು ನಿಧಾನವಾಗಿ ಕುಡಿಯುತ್ತದೆ, ಕುಡಿದದ್ದನ್ನು ಬಹಳ ದಿನ ಹಿಡಿದಿಡುತ್ತದೆ, ಒಣಗಿದರೆ ಬಿರುಕುಬಿಡುತ್ತದೆ. ತುಮಕೂರಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಕೇಳುವ ಬದನೆ ಎರೆಯ ಹಿತ್ತಲಿನಲ್ಲಿ ಅದರ ಎರಡರಷ್ಟು ದಿನ ಕಾಯಬಲ್ಲದು. ಅಲ್ಲಿಂದ ಬಂದ ಮಗಳು ಇಲ್ಲಿ, ಇಲ್ಲಿಂದ ಹೋದ ಮಗ ಅಲ್ಲಿ, ತವರಿನ ಅಭ್ಯಾಸದಂತೆ ನೀರು ಹಾಕಿದರೆ ಗಿಡ ಒಪ್ಪುವುದಿಲ್ಲ.

ಅಂಕಿಗಳನ್ನು ಬಯಸುವವರಿಗಾಗಿ ಒಂದು ಸುಲಭ ಲೆಕ್ಕವನ್ನು ಹೇಳುತ್ತೇನೆ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಎಲೆ ತುಂಬಿ ನಿಂತ ತರಕಾರಿ ಮಡಿಯಿಂದ ದಿನಕ್ಕೆ ಸುಮಾರು 5 ಮಿಲಿಮೀಟರು ನೀರು ಆವಿಯಾಗುತ್ತದೆ. ನನ್ನ ಹಿತ್ತಲು 12 ಚದರ ಮೀಟರು. ಆದ್ದರಿಂದ ದಿನಕ್ಕೆ 60 ಲೀಟರು, ಎಂದರೆ 15 ಲೀಟರಿನ ನಾಲ್ಕು ಬಕೆಟ್. ಮೋಡ ಕವಿದ ತಂಪಿನ ದಿನಗಳಲ್ಲಿ ಇದರ ಅರ್ಧ ಸಾಕು. ಸಸಿಗಳು ಚಿಕ್ಕವಿದ್ದಾಗ ಅದಕ್ಕಿಂತಲೂ ಕಡಿಮೆ. ಹಿಂದಿನ ರಾತ್ರಿ 10 ಮಿಲಿಮೀಟರು ಮಳೆ ಬಂದು ಇಂಗಿದ್ದರೆ ಎರಡು ದಿನದ ಪಾಲನ್ನು ಆಕಾಶವೇ ಕೊಟ್ಟಂತಾಯಿತು. ಕೊಳವೆಯನ್ನು ಬಳಸುವವರು ಒಂದು ಬಕೆಟ್ ತುಂಬಲು ಎಷ್ಟು ನಿಮಿಷ ಬೇಕೆಂದು ಒಮ್ಮೆ ಗಡಿಯಾರ ನೋಡಿ ತಿಳಿದುಕೊಂಡರೆ, ಕಾಳಿದಾಸನ ಕನ್ಯೆಯರ ಕೊಡದ ಮಿತಿಯನ್ನು ಕೊಳವೆಗೂ ತಂದುಕೊಳ್ಳಬಹುದು. ಅಂಕಿ ದಾರಿ ತೋರಿಸಲು ಮಾತ್ರ; ತೀರ್ಪು ಮುಷ್ಟಿಯ ಮಣ್ಣಿನದೇ.

ಈ 60 ಲೀಟರನ್ನು ದಿನದಿನವೂ ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ 120 ಲೀಟರು ನಿಧಾನವಾಗಿ ಇಂಗಿಸುವುದು ಲೇಸು. ಮೇಲಿನ ಎರಡಂಗುಲ ಮಾತ್ರ ದಿನವೂ ನೆನೆಯುತ್ತಿದ್ದರೆ ಬೇರು ಆ ಎರಡಂಗುಲದಲ್ಲೇ ಹರಡಿ ನಿಲ್ಲುತ್ತದೆ. ನಾವು ಎರಡು ದಿನ ಊರಿಗೆ ಹೋದರೆ ಗಿಡ ಕಂಗಾಲಾಗುತ್ತದೆ. ನೀರು ಆಳಕ್ಕಿಳಿದರೆ ಬೇರೂ ಅದನ್ನು ಹಿಂಬಾಲಿಸುತ್ತದೆ. ಸೊಪ್ಪುಗಳು ಮತ್ತು ಈರುಳ್ಳಿ ಮೇಲುಬೇರಿನವು. ಅವಕ್ಕೆ ಸ್ವಲ್ಪ ಸ್ವಲ್ಪವಾಗಿ, ಬೇಗ ಬೇಗ ನೀರು ಬೇಕು. ಬದನೆ, ಟೊಮೆಟೊಗಳ ಬೇರು ಎರಡು ಮೂರು ಅಡಿ ಇಳಿಯಬಲ್ಲದು. ಚೆನ್ನಾಗಿ ಬೇರುಬಿಟ್ಟ ನುಗ್ಗೆ ನಮ್ಮ ಬಕೆಟ್ಟಿಗಾಗಿ ಕಾಯುತ್ತ ಕೂರುವುದಿಲ್ಲ.

ಪ್ರಮಾಣದಷ್ಟೇ ಮುಖ್ಯವಾದದ್ದು ನಿಯತತೆ. ಒಂದು ವಾರ ಒಣಗಿಸಿ ಮರುವಾರ ಮುಳುಗಿಸಿದರೆ ಟೊಮೆಟೊ ಹಣ್ಣು ಬಿರಿಯುತ್ತದೆ: ಒಳಗಿನ ತಿರುಳು ಹಠಾತ್ತನೆ ಉಬ್ಬಿದ ವೇಗಕ್ಕೆ ಸಿಪ್ಪೆ ಹಿಗ್ಗಲಾರದು. ಕಾಯಿಯ ತಳ ಕಪ್ಪಾಗಿ ಕುಸಿಯುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ; ನೀರಿನ ಓಟ ಏರುಪೇರಾದಾಗ ಅದರೊಡನೆ ಸಾಗಬೇಕಾದ ಸುಣ್ಣದ ಅಂಶ ಕಾಯಿಯ ತುದಿಯನ್ನು ತಲುಪುವುದಿಲ್ಲ. ಸೌತೆಕಾಯಿ ನೀರಿನ ಬರದಲ್ಲಿ ಕಹಿಯಾಗುತ್ತದೆ. ಮೂಲಂಗಿ ನಾರುಗಟ್ಟಿ ಖಾರವಾಗುತ್ತದೆ. ಮೆಣಸಿನ ಗಿಡವಂತೂ ಕೊರತೆಯಾದರೂ ಹೂ ಉದುರಿಸುತ್ತದೆ, ಅತಿಯಾದರೂ ಉದುರಿಸುತ್ತದೆ.

ಹೊತ್ತಿನ ವಿಷಯದಲ್ಲಿ ಬೆಳಗಿನ ಜಾವವೇ ಮೇಲು. ನೀರು ಬುಡಕ್ಕೆ ಬೀಳಲಿ, ಎಲೆಗೆ ಬೇಡ. ಸಂಜೆ ತೊಯ್ದ ಎಲೆ ರಾತ್ರಿಯೆಲ್ಲ ಒದ್ದೆಯಾಗಿದ್ದರೆ ಎಲೆಚುಕ್ಕೆ, ಅಂಗಮಾರಿಯಂಥ ರೋಗಗಳಿಗೆ ಆಮಂತ್ರಣವಿತ್ತಂತೆ. ತರಗೆಲೆ, ಭತ್ತದ ಹುಲ್ಲು, ಹೊಂಗೆಯ ಸೊಪ್ಪು, ಯಾವುದಾದರೂ ಸರಿ, ಬುಡಕ್ಕೆ ನಾಲ್ಕು ಬೆರಳು ದಪ್ಪ ಹೊದಿಸಿದರೆ ಬಿಸಿಲು ಮಣ್ಣಿಗೆ ತಾಗದೆ ತೇವ ಉಳಿಯುತ್ತದೆ. ಹೊದಿಕೆ ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಟ್ಟರೆ ಸಾಕು. ಮಹಡಿಯ ಮೇಲೆ ಕುಂಡಗಳಲ್ಲಿ ಬೆಳೆಯುವವರ ಕಷ್ಟ ಬೇರೆ. ಅಲ್ಲಿ ಮಣ್ಣು ಕಡಿಮೆ, ಬಿಸಿಲು ಹೆಚ್ಚು, ಬೇಸಿಗೆಯಲ್ಲಿ ದಿನವೂ ನೋಡಲೇಬೇಕು. ತಳದ ತೂತಿನಿಂದ ನೀರು ಜಿನುಗುವವರೆಗೆ ಹಾಕಿ ನಿಲ್ಲಿಸಬೇಕು. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲದೆ ಬಿಟ್ಟರೆ ಒಂದು ವಾರದಲ್ಲಿ ಡೆಂಗಿ ಸೊಳ್ಳೆಯ ಸಂಸಾರ ಅಲ್ಲಿ ಸಿದ್ಧವಾಗುತ್ತದೆ.

ಹದವನ್ನು ತಾನೇ ಕಂಡುಕೊಳ್ಳುವ ಒಂದು ಉಪಕರಣವೂ ಉಂಟು. ಅದು ಮಣ್ಣಿನ ಮಡಕೆ. ಸುಟ್ಟ, ಆದರೆ ಹೊಳಪು ಬಳಿಯದ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳವಿಟ್ಟರೆ ಸುತ್ತಲಿನ ಮಣ್ಣು ಒಣಗಿದಂತೆ ನೀರು ಹೊರಗೆ ಜಿನುಗುತ್ತದೆ. ಮಣ್ಣು ತೇವವಾಗಿದ್ದರೆ ಜಿನುಗು ತಾನಾಗಿ ಕುಗ್ಗುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಚೀನಾದ ಕೃಷಿಗ್ರಂಥವೊಂದರಲ್ಲಿ ಈ ಕ್ರಮ ಹೇಳಲ್ಪಟ್ಟಿದೆ. ಹನಿ ನೀರಾವರಿಯ ಹಿಂದೆಯೂ ಇಂಥದೇ ಒಂದು ವೀಕ್ಷಣೆಯಿದೆ. ಇಸ್ರೇಲಿನ ಎಂಜಿನಿಯರ್ ಸಿಂಖಾ ಬ್ಲಾಸ್ ಅವರು 1930ರ ದಶಕದಲ್ಲಿ, ಯಾರೂ ನೀರೆರೆಯದ ಮರವೊಂದು ಉಳಿದವುಗಳಿಗಿಂತ ಎತ್ತರವಾಗಿ ಬೆಳೆದಿರುವುದನ್ನು ಕಂಡು ಬುಡವನ್ನು ಕೆದಕಿಸಿದಾಗ, ಸಣ್ಣಗೆ ಸೋರುವ ಕೊಳವೆ ಸಿಕ್ಕಿತಂತೆ. 1960ರ ದಶಕದಲ್ಲಿ ಅದು ಜಗತ್ತಿನ ಒಣಭೂಮಿಗಳಿಗೆ ಹಬ್ಬುವ ತಂತ್ರವಾಯಿತು. ದೊಡ್ಡ ಮರಕ್ಕೂ ಬೇಕಾಗಿದ್ದದ್ದು ಹನಿಯೇ.

ಇಲ್ಲಿಯವರೆಗೆ ಗಿಡದ ಹಿತವನ್ನು ಹೇಳಿದೆ. ಇನ್ನು ನೀರಿನ ಕಡೆಯಿಂದ ಒಂದೆರಡು ಮಾತು. ತುಮಕೂರಿನ ನಲ್ಲಿಗಳಲ್ಲಿ ಬರುವುದು ಬಹುಪಾಲು ಹೇಮಾವತಿಯ ನೀರು. ಗೊರೂರಿನಿಂದ ಕಾಲುವೆಯಲ್ಲಿ ಹರಿದು ಬುಗುಡನಹಳ್ಳಿಯ ಕೆರೆಯಲ್ಲಿ ನಿಂತು ನಮ್ಮ ಮನೆಗೆ ಬರುತ್ತದೆ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರು ದೂರದಿಂದ, ಹತ್ತಿರ ಹತ್ತಿರ 500 ಮೀಟರು ಮೇಲಕ್ಕೇರಿ. 2023ರ ಬರದ ಬೆನ್ನಲ್ಲೇ ಬಂದ 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದು ಆಜ್ಞೆ ಹೊರಡಿಸಿ 5000 ರೂಪಾಯಿ ದಂಡವನ್ನು ವಿಧಿಸಬೇಕಾಯಿತು. ಹಿತ್ತಲಿನ ಬದನೆಯ ಬೇರಿನಿಂದ ಕೆಳಗಿಳಿದು ಹೋದ ಒಂದೊಂದು ಬಕೆಟ್ಟೂ ಯಾರದೋ ಮನೆಯ ಕೊಡಕ್ಕೆ ಬರಬಹುದಾಗಿದ್ದ ನೀರು. ಅಕ್ಕಿ ಬೇಳೆ ತೊಳೆದ ನೀರನ್ನು ಗಿಡಕ್ಕೆ ಹಾಕುವ, ಮಳೆಯ ನೀರನ್ನು ಸೂರಿನಿಂದ ಹಿಡಿದಿಡುವ ಮನೆಗಳು ಈ ಸಾಲವನ್ನು ಸ್ವಲ್ಪವಾದರೂ ತೀರಿಸುತ್ತವೆ. 100 ಚದರ ಮೀಟರಿನ ತಾರಸಿಯ ಮೇಲೆ 20 ಮಿಲಿಮೀಟರಿನ ಒಂದು ಮಳೆ ಬಿದ್ದರೆ 2000 ಲೀಟರು. ಸೋರಿದ್ದು, ಆವಿಯಾದದ್ದು ಕಳೆದರೂ ನನ್ನಂಥವನ ಹಿತ್ತಲಿಗೆ ಮೂರು ವಾರಗಳ ನೀರು.

ಈ ಸೀಮೆಯ ಕೆರೆಗಳ ಕೆಳಗೆ ಹಿಂದೆ ನೀರಿನ ಹದವನ್ನು ಕಾಯಲೆಂದೇ ಒಬ್ಬ ಮನುಷ್ಯನಿರುತ್ತಿದ್ದ. ಅವನನ್ನು ನೀರುಗಂಟಿ ಎನ್ನುತ್ತಿದ್ದರು. ಊರಿನ ಆಯಗಾರರಲ್ಲಿ ಅವನೂ ಒಬ್ಬ. ತೂಬನ್ನು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ತಿರುಗಿಸಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಸುಗ್ಗಿಯಲ್ಲಿ ಧಾನ್ಯದ ಒಂದು ಪಾಲು ಅವನ ಕೂಲಿ. ಕೆರೆ ಅರ್ಧ ತುಂಬಿದ ವರ್ಷ ಇದ್ದ ನೀರನ್ನು ಯಾರ ಪೈರೂ ಸಾಯದಂತೆ ಹಂಚುವ ಹೊಣೆ ಅವನ ಹೆಗಲ ಮೇಲೆ ಬೀಳುತ್ತಿತ್ತು. ಹೆಚ್ಚಿನ ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳದಾಗಿತ್ತು. ಊರು ಅವನ ಅರಿವನ್ನು ನಂಬಿತ್ತು. ಆ ಅರಿವಿಗೆ ತಕ್ಕ ಗೌರವವನ್ನು ಕೊಟ್ಟಿತ್ತೆಂದು ಮಾತ್ರ ಹೇಳಲಾರೆ. ಕೊಳವೆಬಾವಿಗಳು ಬಂದು ಕೆರೆಗಳು ಬತ್ತಿದ ಮೇಲೆ ಅವನ ಕೆಲಸವೂ ಬಹುತೇಕ ಊರುಗಳಲ್ಲಿ ಇಲ್ಲವಾಯಿತು. ಮೋಟಾರಿನ ಗುಂಡಿ ಒತ್ತುವವನಿಗೆ ಪಕ್ಕದ ಗದ್ದೆ ಕಾಣಬೇಕಾಗಿಲ್ಲ.

ನಲ್ಲಿಯನ್ನು ತಿರುಗಿಸುವ ನಾವೆಲ್ಲ ಇಂದು ನಮ್ಮ ನಮ್ಮ ಹಿತ್ತಲಿನ ನೀರುಗಂಟಿಗಳು. ಗಿಡಕ್ಕೆ ಎಷ್ಟು ಬೇಕೋ ಅಷ್ಟನ್ನು ಕೊಡುವುದೂ, ಬೇಡವಾದಾಗ ಕೈಯನ್ನು ತಡೆಯುವುದೂ ಒಂದೇ ಕೆಲಸದ ಎರಡು ಭಾಗಗಳು. ಮೊದಲನೆಯದು ಎಲ್ಲರಿಗೂ ಬರುತ್ತದೆ. ಎರಡನೆಯದಕ್ಕೆ ಅಭ್ಯಾಸ ಬೇಕು, ಮೇಷ್ಟ್ರು ಕಳೆದ ಆ ಐದು ದಿನಗಳಂಥ ಅಭ್ಯಾಸ. ನಾಳೆ ಬೆಳಿಗ್ಗೆ ನೀರಿಗೆ ಕೈಹಾಕುವ ಮೊದಲು ತಾವು ಒಂದು ಹಿಡಿ ಮಣ್ಣನ್ನು ಕೈಗೆ ತೆಗೆದುಕೊಂಡು ಅದುಮಿ ನೋಡಬೇಕೆಂದು ಕೋರಿ, ನನ್ನ ಮಾತನ್ನು ಇಲ್ಲಿಗೆ ಮುಗಿಸುತ್ತೇನೆ.